ಮನೆ ಮುಂದಿನ ಹಳೇ ಸಿಮೆಂಟ್ ಶೀಟ್ ಕೀಳಿಸೋಕೆ ಮುಂಚೆ ಏನು ನೋಡ್ಬೇಕು?

ಪ್ರಶ್ನೆ: ತುಮಕೂರು ಚಿಕ್ಕಪೇಟೆಲಿ ನಮ್ಮಪ್ಪ 1979ರಲ್ಲಿ ಕಟ್ಸಿದ ಬಿಲ್ಡಿಂಗ್ ಇದೆ ಸರ್, ಕೆಳಗೆ ಅಂಗಡಿ, ಮೇಲೆ ನಮ್ಮನೆ. ರೋಡ್ ಕಡೆ ಗೋಡೆಗೆ ಮಳೆ ಎರಚಲು ಬಡೀಬಾರದು ಅಂತ ಅಲೆಅಲೆ ಇರೋ ಸಿಮೆಂಟ್ ಶೀಟ್ ಹೊಡ್ಸಿದ್ದಾರೆ, ನೀರಿನ ಪೈಪೂ ಅದೇ ತರದ್ದು. ಈಗ ಎಲಿವೇಶನ್ ಹೊಸದು ಮಾಡಿಸ್ಬೇಕು. ಮೇಸ್ತ್ರಿ ಒಂದೇ ದಿನದಲ್ಲಿ ಸುತ್ತಿಗೆಲಿ ಹೊಡೆದು ಇಳಿಸ್ತೀನಿ ಅಂತಾರೆ. ಇದರಲ್ಲಿ ಆಸ್ಬೆಸ್ಟಾಸ್ ಇರತ್ತಾ? ಕೀಳದೇ ಮೇಲೇ ಎಸಿಪಿ ಪ್ಯಾನೆಲ್ (ಅಲ್ಯೂಮಿನಿಯಂ ಹೊದಿಕೆ ಹಲಗೆ) ಹಾಕ್ಬಹುದಾ? ಮನೇಲಿ ಅಮ್ಮಂಗೆ ಕೆಮ್ಮು ಬೇರೆ ಇದೆ, ಚಿಕ್ಕ ಮಗು ಇದೆ.

ಉತ್ತರ: ಮೊದಲು ಮೇಸ್ತ್ರಿಗೆ ಫೋನ್ ಮಾಡಿ ಸುತ್ತಿಗೆ ಕೆಲಸ ನಿಲ್ಸಿ, ಮಿಕ್ಕಿದ್ದು ಆಮೇಲೆ.

1979ರ ಅಲೆ ಶೀಟ್ ಅಂದ್ರೆ ಆಸ್ಬೆಸ್ಟಾಸ್, ಅಂದ್ರೆ ಗಟ್ಟಿ ಬರಲಿ ಅಂತ ಸಿಮೆಂಟಿಗೆ ಬೆರೆಸೋ ಖನಿಜದ ನಾರು, ಇದೆ ಅಂತಲೇ ಇಟ್ಕೊಳ್ಳಿ, ಪೈಪಲ್ಲೂ ಅಷ್ಟೇ. ಬ್ರಿಟನ್‌ನಲ್ಲಿ 1999ರಲ್ಲೇ ಇದನ್ನ ಬ್ಯಾನ್ ಮಾಡಿದ್ರು, ಹಾಗಾಗಿ ಅಲ್ಲಿ ಕಟ್ಟಡ ಯಾವ ವರ್ಷದ್ದು ಅಂತ ನೋಡಿದ್ರೆ ಒಂದು ಅಂದಾಜು ಸಿಗತ್ತೆ, ನಮ್ಮಲ್ಲಿ ಬಿಳಿ ಆಸ್ಬೆಸ್ಟಾಸ್ ಹಾಕಿದ ಶೀಟ್ ಇವತ್ತಿಗೂ ಅಂಗಡಿಲಿ ಮಾರ್ತಾರೆ, ಅದಕ್ಕೇ ಹೊಸ ಶೀಟಾದ್ರೂ ನಂಬೋ ಹಾಗಿಲ್ಲ. ಕಣ್ಣಲ್ಲಿ ನೋಡಿ ಗ್ಯಾರಂಟಿ ಹೇಳೋಕೆ ಯಾರಿಗೂ ಆಗಲ್ಲ. ಒಡೆದಿರೋ ಅಂಚಲ್ಲಿ ಸಣ್ಣ ನಾರು ಎದ್ದಿದ್ರೆ ಅನುಮಾನ ಜಾಸ್ತಿ ಆಗತ್ತೆ ಅಷ್ಟೇ, ಖಚಿತ ಆಗ್ಬೇಕಂದ್ರೆ ಲ್ಯಾಬಲ್ಲಿ ಮೈಕ್ರೋಸ್ಕೋಪ್ ಕೆಳಗೆ ನೋಡಿಸ್ಬೇಕು. ಸ್ಯಾಂಪಲ್ ತೆಗೆಯೋದಾದ್ರೆ ಮಾಸ್ಕ್ ಹಾಕ್ಕೊಂಡು ಜಾಗ ಚೆನ್ನಾಗಿ ಒದ್ದೆ ಮಾಡಿ, ಈಗಾಗ್ಲೇ ಬಿರುಕು ಬಿಟ್ಟಿರೋ ಮೂಲೆಯಿಂದ ಇಕ್ಕಳದಲ್ಲಿ ಉಗುರಷ್ಟು ಚೂರು ಮುರಿದು ಎರಡು ಜಿಪ್ ಕವರಲ್ಲಿ ಹಾಕಿ. ಟೆಸ್ಟ್ ಬೇಡ ಅಂದ್ರೆ ಇದೆ ಅಂತಲೇ ತಿಳ್ಕೊಂಡು ಕೆಲಸ ಮಾಡ್ಸಿ, ಅದೂ ಸರೀನೇ.

ಇಷ್ಟು ವರ್ಷ ಆ ಶೀಟ್ ಜೊತೆ ಇದ್ವಲ್ಲಾ ಅಂತ ಗಾಬರಿ ಬೇಡ. ಗಟ್ಟಿಯಾಗಿರೋ ಶೀಟಲ್ಲಿ ನಾರು ಸಿಮೆಂಟಿನೊಳಗೆ ಬಿಗಿಯಾಗಿ ಕೂತಿರತ್ತೆ. ಒಡೆದಾಗ, ಕಟಿಂಗ್ ಮಷಿನ್ ಹಾಕಿದಾಗ, ಡ್ರಿಲ್ ಹೊಡೆದಾಗ, ಪಾಚಿ ಕಟ್ಟಿದೆ ಅಂತ ವೈರ್ ಬ್ರಷ್‌ನಲ್ಲಿ ಉಜ್ಜಿದಾಗ ಅದು ಗಾಳಿಗೆ ಏಳೋದು. ಕಣ್ಣಿಗೆ ಕಾಣಲ್ಲ, ಶ್ವಾಸಕೋಶದ ಆಳಕ್ಕೆ ಹೋಗಿ ಕೂತ್ರೆ ಆಚೆ ಬರಲ್ಲ. ಶ್ವಾಸಕೋಶದ ಕ್ಯಾನ್ಸರ್, ಮೀಸೋಥೀಲಿಯೋಮ ಅನ್ನೋ ಕ್ಯಾನ್ಸರ್ ಬರಬಹುದು, ಅದೂ 20-40 ವರ್ಷ ಆದ್ಮೇಲೆ. 1995ರಲ್ಲಿ ಸುಪ್ರೀಂ ಕೋರ್ಟ್ ಆಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯದ ರೆಕಾರ್ಡನ್ನ ಕನಿಷ್ಠ 40 ವರ್ಷ ಇಡಬೇಕು ಅಂತ ಹೇಳಿದ್ದು ಯಾಕೆ ಅಂತ ಇದರಿಂದ ಗೊತ್ತಾಗತ್ತೆ. ನಿಮ್ಮ ಮೇಸ್ತ್ರಿ "ಎಷ್ಟೋ ಶೀಟ್ ಒಡೆದಿದೀನಿ, ನಂಗೇನೂ ಆಗಿಲ್ಲ" ಅಂದ್ರೆ ಅವರು ಸುಳ್ಳು ಹೇಳ್ತಿಲ್ಲ, ಆದ್ರೆ ಕಾಯಿಲೆ ಕಾಣಿಸ್ಕೊಳ್ಳೋಕೆ ಬೇಕಾದಷ್ಟು ವರ್ಷ ಇನ್ನೂ ಕಳೆದಿರಲ್ಲ. ನಿಮ್ಮನೇಲಿ ಧೂಳು ಒಂದು ದಿನ, ಅವರಿಗೆ ಇವತ್ತು ನಿಮ್ಮನೆ, ನಾಳೆ ಇನ್ನೊಂದು ಮನೆ, ನನಗೆ ಅವರದ್ದೇ ಜಾಸ್ತಿ ಚಿಂತೆ.

ಎಸಿಪಿ ವಿಷ್ಯ. ಶೀಟ್ ಬಿರುಕಿಲ್ಲದೆ ಚೆನ್ನಾಗಿದ್ರೆ ಕೀಳದೇ ಬಿಡೋದು ಒಳ್ಳೇ ದಾರಿನೇ, ಆದ್ರೆ ಶೀಟ್ ಮೇಲೇ ಫ್ರೇಮ್ ಕೂರಿಸ್ಬೇಕಂದ್ರೆ ನೂರಾರು ತೂತು ಹೊಡೀತಾರೆ, ಅಲ್ಲಿಗೆ ಬಿಟ್ಟೂ ಉಪಯೋಗ ಇಲ್ಲ. ಶೀಟ್ ಮುಟ್ಟದೆ ಅಕ್ಕಪಕ್ಕದ ಕಾಂಕ್ರೀಟ್‌ಗೆ ಫ್ರೇಮ್ ನಿಲ್ಲಿಸೋಕಾಗತ್ತಾ ಅಂತ ನಿಮ್ಮ ಎಂಜಿನಿಯರ್‌ನ ಕೇಳಿ. ಆಗಲ್ಲ ಅಂದ್ರೆ ನೀಟಾಗಿ ಇಳ್ಸಿಬಿಡಿ, 45 ವರ್ಷಕ್ಕೂ ಹಳೇದು, ಮಳೆ ಬಿಸಿಲಿಗೆ ಮೇಲ್ಮೈ ಉದುರೋಕೆ ಶುರುವಾಗಿರತ್ತೆ.

ಇಳಿಸೋದು ಹೀಗೆ. ನೀರಿಗೆ ಸ್ವಲ್ಪ ಸೋಪ್ ಲಿಕ್ವಿಡ್ ಬೆರೆಸಿ ಗಿಡಕ್ಕೆ ಔಷಧಿ ಹೊಡೆಯೋ ಪಂಪಲ್ಲಿ ಮೆಲ್ಲಗೆ ಸ್ಪ್ರೇ ಮಾಡಿ ಪೂರ್ತಿ ನೆನೆಸ್ಬೇಕು, ಪ್ರೆಶರ್ ವಾಷರ್ ಬೇಡವೇ ಬೇಡ. ಶೀಟ್ ಹಿಡಿದಿರೋ, ಕೊಕ್ಕೆ ತರ ಬಾಗಿರೋ ಜೆ ಬೋಲ್ಟ್‌ಗಳು ತುಕ್ಕು ಹಿಡಿದು ಡಾಂಬರ್ ವಾಷರ್‌ಗೆ ಅಂಟ್ಕೊಂಡಿರ್ತವೆ, ಇಲ್ಲೇ ನೋಡಿ ತಾಳ್ಮೆ ತಪ್ಪಿ ಸುತ್ತಿಗೆ ಎತ್ತೋದು, ಹಿಂದಿನ ದಿನವೇ ಎಣ್ಣೆ ಬಿಟ್ಟು ಇಡ್ಸಿ, ಆಗ್ಲೂ ಬಿಚ್ಚಲ್ಲ ಅಂದ್ರೆ ಬೋಲ್ಟ್ ಕಟ್ಟರಲ್ಲಿ ಕತ್ತರಿಸ್ಲಿ. ಶೀಟ್ ಇಡಿಯಾಗಿ ಹಗ್ಗದಲ್ಲಿ ಕೆಳಗೆ ಬರ್ಬೇಕು, ಮೇಲಿಂದ ಎಸೆಯೋ ಹಾಗಿಲ್ಲ. ಸಜ್ಜಾ ಮೇಲಿನ ಶೀಟಿಗೆ ಯಾರೂ ಕಾಲಿಡಬಾರದು, ಹಳೇ ಶೀಟ್ ಹೇಳದೆ ಕೇಳದೆ ಮುರಿಯತ್ತೆ. ಕರ್ಚೀಫು, ಸರ್ಜಿಕಲ್ ಮಾಸ್ಕ್ ಲೆಕ್ಕಕ್ಕಿಲ್ಲ, ತೀರಾ ಸಣ್ಣ ಧೂಳನ್ನೂ ತಡೆಯೋ ಪಿ100 ಫಿಲ್ಟರ್ ಇರೋ ಮಾಸ್ಕ್ ನೀವೇ ತಂದ್ಕೊಡಿ. ಕೆಲಸ ಮುಗಿದ್ಮೇಲೆ ಒದ್ದೆ ಬಟ್ಟೇಲಿ ಒರೆಸ್ಬೇಕು, ಪೊರಕೆ ಹಾಕ್ಬಾರದು. ಧೂಳು ಹಿಡಿದ ಮೈಮೇಲಿನ ಬಟ್ಟೆಲೇ ಕೆಲಸದವರು ಮನೆಗೆ ಹೋಗಿ ಮಕ್ಕಳನ್ನ ಎತ್ಕೊಳ್ಳೋ ಹಾಗಾಗ್ಬಾರದು, ಬದಲಾಯಿಸೋಕೆ, ಕೈಕಾಲು ಮುಖ ತೊಳೆಯೋಕೆ ಜಾಗ ಮಾಡ್ಕೊಡಿ. ಚಿಕ್ಕಪೇಟೆ ಗಲ್ಲಿಲಿ ಎದುರು ಮನೆ ಕೈಗೆ ಸಿಗೋ ಹಾಗಿರತ್ತೆ, ಅವರಿಗೂ ಕಿಟಕಿ ಹಾಕ್ಕೊಳ್ಳಿ ಅಂತ ಮುಂಚೆನೇ ಹೇಳಿ.

ಇಳಿಸಿದ ಶೀಟನ್ನ ಊರಲ್ಲಿರೋ ಕೊಟ್ಟಿಗೆಗೆ ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ದಯವಿಟ್ಟು ಕೊಡಬೇಡಿ. ಕೆರೆ ಪಕ್ಕ ಸುರಿಸೋದೂ ತಪ್ಪು. ದಪ್ಪ ಪಾಲಿಥಿನ್‌ನಲ್ಲಿ ಎರಡು ಸುತ್ತು ಸುತ್ತಿ, ಟೇಪ್ ಹಾಕಿ, ಮೇಲೆ ಆಸ್ಬೆಸ್ಟಾಸ್ ಅಂತ ಬರೆದು ಇಡಿ, ಎಲ್ಲಿಗೆ ಕಳಿಸ್ಬೇಕು ಅಂತ ತುಮಕೂರಿನ ಮಾಲಿನ್ಯ ನಿಯಂತ್ರಣ ಮಂಡಳಿ ಆಫೀಸಲ್ಲಿ ಕೆಲಸಕ್ಕೆ ಮುಂಚೆನೇ ಕೇಳ್ಕೊಳ್ಳಿ. ಅಪಾಯಕಾರಿ ತ್ಯಾಜ್ಯ ಹೂಳೋ ಜಾಗ ದಾಬಸ್‌ಪೇಟೆ ಹತ್ರನೇ ಇದೆ.

ಅಮ್ಮನ ಕೆಮ್ಮಿಗೆ ಈ ಶೀಟೇ ಕಾರಣ ಅಂತ ಅಂದ್ಕೋಬೇಡಿ, ಎರಡು ವಾರ ದಾಟಿದ್ರೆ ಡಾಕ್ಟರ್‌ಗೆ ತೋರ್ಸಿ, ಕಫ ಟೆಸ್ಟ್ ಮಾಡ್ಸಿ. ಶೀಟ್ ಇಳಿಸೋ ದಿನ ಅವರನ್ನೂ ಮಗೂನೂ ನೆಂಟರ ಮನೆಗೆ ಕಳ್ಸಿ, ಒರೆಸೋ ಕೆಲಸ ಪೂರ್ತಿ ಮುಗಿದ್ಮೇಲೇ ಕರ್ಕೊಂಡ್ಬನ್ನಿ.