ಬ್ರೋಕನ್ ಹಿಲ್: ಈ ಮರುಭೂಮಿ ಗಣಿ ಊರಿನ ಚರಿತ್ರೆ ಏನು, ಅಲ್ಲಿನ ಕಲ್ಲುಗಳು ಯಾಕೆ ಇಷ್ಟು ಹೆಸರುವಾಸಿ?

ರಜೆಯಲ್ಲಿ ಅಡಿಲೇಡ್‌ನಿಂದ ಬ್ರೋಕನ್ ಹಿಲ್‌ಗೆ ಹೋಗುವ ಯೋಚನೆ ಇದೆ, ಅದೂ ನಮ್ಮ ಕೆಜಿಎಫ್ ತರಹದ ಊರೇನಾ, ಅಲ್ಲಿನ ಖನಿಜಗಳ ಬಗ್ಗೆ ಸಂಗ್ರಾಹಕರು ಯಾಕೆ ಅಷ್ಟು ಮಾತಾಡ್ತಾರೆ ಅಂತ ಕೇಳಿದ್ದೀರಿ. ನಾನು ಇರೋದು ಅಡಿಲೇಡ್‌ನಲ್ಲೇ. ಕಲ್ಲು ಕೂಡಿಡುವ ಹುಚ್ಚೂ ಇದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತೆ, ಸಾವಧಾನವಾಗಿ ಓದಿ.

ಮೊದಲು ಕೆಜಿಎಫ್ ವಿಷಯ ಮುಗಿಸಿಬಿಡೋಣ. ಕಾಲ ಒಂದೇ. ಕೋಲಾರದಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಿದ್ದು 1880ರಲ್ಲಿ, ಇಲ್ಲಿ ಗಣಿ ಜಾಗ ನಮ್ಮದು ಅಂತ ಮೊದಲ ಗೂಟ ಹೊಡೆದಿದ್ದು 1883ರಲ್ಲಿ. ಹೋಲಿಕೆ ಹೆಚ್ಚುಕಡಿಮೆ ಅಷ್ಟಕ್ಕೇ ನಿಲ್ಲುತ್ತೆ. ಕೆಜಿಎಫ್‌ನಲ್ಲಿ ಬೆಣಚುಕಲ್ಲಿನ ತೆಳು ಪಟ್ಟಿ ಹಿಡಿದು, ಚಿನ್ನದ ಹಿಂದೆ ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದರು. ಮೇಲೂ ಚಿನ್ನ, ಕೆಳಗೂ ಚಿನ್ನ. ಬ್ರೋಕನ್ ಹಿಲ್ ಸೀಸ, ಸತು, ಬೆಳ್ಳಿಯ ಊರು. ಇಲ್ಲಿ ಕೆಳಗೆ ಇಳಿದ ಹಾಗೆ ಅದಿರೇ ಬೇರೆ ಆಗುತ್ತಾ ಹೋಯಿತು. ಅದಿರು ಬದಲಾದಾಗಲೆಲ್ಲ ಊರಿನ ಹಣೆಬರಹವೂ ಬದಲಾಯಿತು. ಅದಕ್ಕೇ ಇಲ್ಲಿನ ಚರಿತ್ರೆಯನ್ನ ಇಸವಿ ಹಿಡಿದು ಓದುವುದಕ್ಕಿಂತ ಮೇಲಿಂದ ಕೆಳಕ್ಕೆ ಓದುವುದು ಸುಲಭ.

ಜಾಗ ನ್ಯೂ ಸೌತ್ ವೇಲ್ಸ್‌ನ ಪಶ್ಚಿಮದ ತುದಿ. ವರ್ಷಕ್ಕೆ ಸುಮಾರು 250 ಮಿಲಿಮೀಟರ್ ಮಳೆ, ಅದೂ ಬಂದರೆ. ಕೆಂಪು ಮಣ್ಣು, ಮೊಣಕಾಲುದ್ದದ ಉಪ್ಪುಗಿಡ, ಅಲ್ಲಲ್ಲಿ ಮಲ್ಗಾ ಅನ್ನುವ ಒಣ ಜಾಲಿ. 1844ರಲ್ಲಿ ಈ ದಾರಿಯಲ್ಲಿ ಬಂದ ಅನ್ವೇಷಕ ಚಾರ್ಲ್ಸ್ ಸ್ಟರ್ಟ್ ಇಲ್ಲಿನ ಗುಡ್ಡಸಾಲಿಗೆ ಬ್ಯಾರಿಯರ್ ರೇಂಜ್ ಅಂತ ಹೆಸರಿಟ್ಟ. ಅವನ ನಂತರ ಬಂದವರು ಕುರಿ ಸಾಕುವವರು.

1883ರ ಸೆಪ್ಟೆಂಬರ್‌ನಲ್ಲಿ ಮೌಂಟ್ ಗಿಪ್ಸ್ ಅನ್ನುವ ಕುರಿ ಫಾರಂನಲ್ಲಿ ಬೇಲಿ ಕಾಯುತ್ತಿದ್ದ ಚಾರ್ಲ್ಸ್ ರಾಸ್ಪ್ ಒಂದು ಕಪ್ಪು, ಮುರುಕಲು ಗುಡ್ಡವನ್ನ ನೋಡಿ ಇದು ತವರದ ಅದಿರೇ ಇರಬೇಕು ಅಂದುಕೊಂಡ. ಕೆರೆ ತೋಡುವ ಇಬ್ಬರು ಗುತ್ತಿಗೆದಾರರನ್ನ ಜೊತೆ ಮಾಡಿಕೊಂಡು ಗೂಟ ಹೊಡೆದ. ಫಾರಂ ಮ್ಯಾನೇಜರ್ ಜಾರ್ಜ್ ಮೆಕಲಕ್ ಕೂಡ ಸೇರಿ ಏಳು ಜನರ ಪಾಲುದಾರಿಕೆ ಆಯಿತು, ತಲಾ 70 ಪೌಂಡ್. ಪರೀಕ್ಷೆಗೆ ಕಳಿಸಿದರೆ ತವರದ ಸುಳಿವೇ ಇಲ್ಲ. ಸಿಕ್ಕಿದ್ದು ಸೀಸ, ಒಂಚೂರು ಬೆಳ್ಳಿ. ಕೆಲವರು ಬೇಸತ್ತು ಪಾಲು ಮಾರಿದರು. ಹದಿನಾಲ್ಕರಲ್ಲಿ ಒಂದು ಪಾಲಿನ ಬೆಲೆ 100 ಪೌಂಡೋ 120 ಪೌಂಡೋ ಅನ್ನುವುದನ್ನ ಮೆಕಲಕ್ ಮತ್ತು ಕಾಕ್ಸ್ ಅನ್ನುವ ಹುಡುಗ ಇಸ್ಪೀಟ್ ಆಡಿ ತೀರ್ಮಾನಿಸಿಕೊಂಡರು ಅಂತ ಕಥೆ ಇದೆ. ಕೆಲವೇ ವರ್ಷದಲ್ಲಿ ಅದೇ ಪಾಲಿನ ಬೆಲೆ ಹತ್ತು ಲಕ್ಷ ಪೌಂಡ್ ದಾಟಿತು. ಇಸ್ಪೀಟಿನ ಚರಿತ್ರೆಯಲ್ಲೇ ಇದಕ್ಕಿಂತ ದುಬಾರಿ ಆಟ ನಡೆದಿರಲಿಕ್ಕಿಲ್ಲ!

ಆ ಕಪ್ಪು ಬಣ್ಣ ತವರದ್ದಲ್ಲ, ಮ್ಯಾಂಗನೀಸಿನದು. ಅದಿರಿನ ತಲೆ ನೆಲದ ಮೇಲೆ ಬಂದು, ಲಕ್ಷಾಂತರ ವರ್ಷ ಬಿಸಿಲು ಗಾಳಿಗೆ ಕೊಳೆತು, ಕಬ್ಬಿಣ ಮತ್ತು ಮ್ಯಾಂಗನೀಸಿನ ತುಕ್ಕಾಗಿ ಉಳಿದಿತ್ತು. ಅದರಲ್ಲಿ ಜಾಸ್ತಿ ಇದ್ದದ್ದು ಕೊರೊನಡೈಟ್, ಅಂದರೆ ಸೀಸ ಬೆರೆತ ಮ್ಯಾಂಗನೀಸ್ ಆಕ್ಸೈಡ್. ನಿಜವಾದ ಲಾಟರಿ ಇದ್ದದ್ದು ಅದರ ಕೆಳಗೆ. ಬಿಳಿ ಜೇಡಿ ಮತ್ತು ಸೀಸದ ಕಾರ್ಬೊನೇಟ್ ಕಲಸಿಕೊಂಡ ಮೆತ್ತನೆಯ ಪದರ, ಅದರೊಳಗೆ ಬೆಳ್ಳಿಯ ಕ್ಲೋರೈಡು. ಅದು ಸಿಕ್ಕ ಮೇಲೆ, 1885ರ ಆಗಸ್ಟ್‌ನಲ್ಲಿ ಬ್ರೋಕನ್ ಹಿಲ್ ಪ್ರೊಪ್ರೈಟರಿ ಕಂಪನಿ ಹುಟ್ಟಿತು. ಇವತ್ತಿನ ದೊಡ್ಡ ಗಣಿ ಕಂಪನಿ ಬಿಎಚ್‌ಪಿ ಅದೇ. ಹೆಸರಿನ ಮೊದಲ ಎರಡಕ್ಷರ ಈ ಗುಡ್ಡದ್ದು. ಗುಡ್ಡ ಮಾತ್ರ ಈಗ ಇಲ್ಲ, ಅಗೆದು ತೆಗೆದುಬಿಟ್ಟರು. ಈಗ ಊರ ಮಧ್ಯೆ ನಿಂತಿರುವುದು ಗಣಿ ತ್ಯಾಜ್ಯದ ದಿಬ್ಬ.

ಈ ಮೇಲಿನ ಪದರ ಇಷ್ಟು ಶ್ರೀಮಂತ ಆಗಿದ್ದಕ್ಕೆ ಮರುಭೂಮಿಯೇ ಕಾರಣ. ಮಳೆ ಚೆನ್ನಾಗಿ ಬೀಳುವ ಕಡೆ ಅದಿರು ಕೊಳೆತರೆ ಎಷ್ಟೋ ಸರಕು ತೊಳೆದು ಹೋಗುತ್ತೆ. ಇಲ್ಲಿ ನೀರು ಕಮ್ಮಿ, ಇರುವ ನೀರೂ ಉಪ್ಪು. ಉಪ್ಪು ನೀರಿನಲ್ಲಿ ಕ್ಲೋರಿನ್, ಬ್ರೋಮಿನ್, ಅಯೋಡಿನ್ ಮೂರೂ ಇರುತ್ತವೆ. ಬೆಳ್ಳಿ ಇವುಗಳ ಜೊತೆ ಸೇರಿದರೆ ನೀರಿಗೆ ಕರಗದೆ ಅಲ್ಲೇ ಕೂರುತ್ತೆ. ಹಾಗೆ ಹುಟ್ಟಿದ್ದು ಕ್ಲೋರಾರ್ಜೈರೈಟ್, ಬ್ರೋಮಾರ್ಜೈರೈಟ್, ಅಯೋಡಾರ್ಜೈರೈಟ್. ನೀವು ಊರಿಗೆ ಹೋದಾಗ ಬೀದಿ ಬೋರ್ಡುಗಳನ್ನ ನೋಡಿ: ಕ್ಲೋರೈಡ್ ಸ್ಟ್ರೀಟ್, ಬ್ರೋಮೈಡ್ ಸ್ಟ್ರೀಟ್, ಅಯೋಡೈಡ್ ಸ್ಟ್ರೀಟ್, ಆಕ್ಸೈಡ್, ಸಲ್ಫೈಡ್. ಮುಖ್ಯ ಬೀದಿ ಆರ್ಜೆಂಟ್, ಅಂದರೆ ಬೆಳ್ಳಿ. ಪಿಯುಸಿ ಕೆಮಿಸ್ಟ್ರಿ ಪುಸ್ತಕದೊಳಗೆ ಕಾರು ಓಡಿಸಿದ ಹಾಗಿರುತ್ತೆ.

ಬೆಳ್ಳಿ ಕ್ಲೋರೈಡನ್ನ ಕೈಯಲ್ಲಿ ಹಿಡಿದರೆ ಲೋಹದ ಸಂಬಂಧದ್ದು ಅಂತ ಅನಿಸುವುದೇ ಇಲ್ಲ. ಕಂದು ಛಾಯೆಯ ಬೂದು ಬಣ್ಣ, ಮೇಣದ ಹೊಳಪು. ಉಗುರಿನಲ್ಲೂ ಗೀರು ಬೀಳುವಷ್ಟು ಮೆತ್ತಗೆ, ಚಾಕು ಇಟ್ಟರೆ ಪುಡಿಯಾಗದೆ ಚಕ್ಕೆ ಚಕ್ಕೆಯಾಗಿ ಸುರುಳಿ ಬಿಚ್ಚುತ್ತೆ. ಹಳೇ ಗಣಿಯವರು ಇದನ್ನ ಕೊಂಬಿನ ಬೆಳ್ಳಿ ಅಂತಿದ್ದರು. ಬೆಳಕು ತಾಗಿದರೆ ಕಪ್ಪಾಗುತ್ತೆ, ಹಳೇ ಫೋಟೋ ಫಿಲ್ಮಿನಲ್ಲಿದ್ದ ರಸಾಯನವೇ ಇದು. ಅಯೋಡಾರ್ಜೈರೈಟ್ ಹಳದಿ, ಸಣ್ಣ ಆರುಮೂಲೆಯ ಹರಳು. ಪ್ರಪಂಚದ ಅತ್ಯುತ್ತಮ ನಮೂನೆಗಳು ಬಂದಿರುವುದು ಇಲ್ಲಿಂದಲೇ. ತಾಮ್ರದ ಅಯೋಡೈಡ್ ಆದ ಮಾರ್ಷೈಟ್, ಬೆಳ್ಳಿ ತಾಮ್ರ ಎರಡೂ ಸೇರಿದ ಮಿಯರ್ಸೈಟ್, ಇವೆರಡನ್ನೂ ಪ್ರಪಂಚ ಮೊದಲು ಕಂಡಿದ್ದು ಬ್ರೋಕನ್ ಹಿಲ್‌ನಲ್ಲಿ. ಬೇಲಿ ಕಾಯುತ್ತಿದ್ದ ರಾಸ್ಪ್ ಹೆಸರಲ್ಲೂ ರಾಸ್ಪೈಟ್ ಅಂತ ಒಂದು ಖನಿಜ ಇದೆ, ಸೀಸದ ಟಂಗ್‌ಸ್ಟೇಟು. ತವರ ಹುಡುಕಲು ಹೋದವನಿಗೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ?

ಈ ಮೆತ್ತನೆ ಪದರಕ್ಕೆ ಇನ್ನೊಂದು ಮುಖ ಇತ್ತು. ಸೆರುಸೈಟ್, ಅಂದರೆ ಸೀಸದ ಕಾರ್ಬೊನೇಟ್, ಷೋಕೇಸಿನಲ್ಲಿ ಹೆಣೆದ ಬಿಳಿ ಕಡ್ಡಿಗಳ ಹಾಗೆ ಕಾಣುತ್ತೆ, ತುಂಬಾ ಚೆಂದ. ಆದರೆ ಅದರ ಧೂಳು ಮೈಗೆ ಬೇಗ ಸೇರುತ್ತೆ. ಆಗಿನ ಗಣಿಯಾಳುಗಳಿಗೆ ಮುಖವಾಡ ಇಲ್ಲ, ನೀರು ಚಿಮುಕಿಸುವ ಪದ್ಧತಿ ಇಲ್ಲ. ಸೀಸದ ವಿಷ ಏರಿ ಹೊಟ್ಟೆನೋವು, ಕೈ ಜೋಲು ಬೀಳುವುದು ಮಾಮೂಲಾಯಿತು. ಊರೊಳಗೇ ಇದ್ದ ಕುಲುಮೆಗಳ ಹೊಗೆ ಬೇರೆ. ಕುಡಿಯುವ ನೀರು ಕೆಟ್ಟು ಟೈಫಾಯ್ಡ್ ಬಂತು. ಬರ ಬಿದ್ದಾಗ ರೈಲಿನಲ್ಲಿ ನೀರು ತಂದರು. ಉರುವಲಿಗಾಗಿ ಸುತ್ತಲಿನ ಮಲ್ಗಾ ಮರ ಕಡಿದು ಬೋಳು ಮಾಡಿದರು. ಗಣಿಯೊಳಗೆ ಆಸರೆ ಕೊಡುವಷ್ಟು ದಪ್ಪ ಮರ ಇಲ್ಲಿ ಬೆಳೆಯಲ್ಲ, ಹಾಗಾಗಿ ಅಮೆರಿಕದಿಂದ ಹಡಗಿನಲ್ಲಿ ತೊಲೆ ತರಿಸಿದರು. ಆ ತೊಲೆಗಳನ್ನ ಪೆಟ್ಟಿಗೆಯ ಹಾಗೆ ಜೋಡಿಸುವ ವಿದ್ಯೆಯೂ ನೆವಾಡಾದ ಬೆಳ್ಳಿ ಗಣಿಗಳಿಂದ ಬಂದದ್ದು. ರೈಲು ಮುಟ್ಟದ ಕಡೆಗೆ ಸಾಮಾನು ಹೊತ್ತವು ಒಂಟೆಗಳು. ಒಂಟೆ ನಡೆಸುತ್ತಿದ್ದವರು ಅಫ್ಘಾನಿಸ್ತಾನದವರು ಮತ್ತು ಆಗಿನ ಬ್ರಿಟಿಷ್ ಇಂಡಿಯಾದವರು. ಅವರು ಕಟ್ಟಿಕೊಂಡ ತಗಡಿನ ಪುಟ್ಟ ಮಸೀದಿ ಊರಿನ ಉತ್ತರಕ್ಕೆ ಇನ್ನೂ ಇದೆ, ತಪ್ಪದೆ ನೋಡಿ.

ಈಗ ಕೆಳಗಿನ ಪದರಕ್ಕೆ ಬರೋಣ. ನನ್ನ ಪ್ರಕಾರ ಇಡೀ ಕಥೆಯ ತಿರುಳು ಇಲ್ಲಿದೆ.

1890ರ ದಶಕ ಮುಗಿಯುವ ಹೊತ್ತಿಗೆ ಮೆತ್ತನೆ ಅದಿರು ಖಾಲಿಯಾಗುತ್ತಾ ಬಂತು. ಕೆಳಗೆ ಸಿಕ್ಕಿದ್ದು ಮೂಲ ಸಲ್ಫೈಡ್, ಅಂದರೆ ಕೊಳೆಯದೆ ಉಳಿದ, ಗಂಧಕ ಬೆರೆತ ಗಟ್ಟಿ ಅದಿರು. ಸುಮಾರು 170 ಕೋಟಿ ವರ್ಷ ಹಳೆಯದು, ಏಳು ಕಿಲೋಮೀಟರ್‌ಗೂ ಉದ್ದ, ಒಟ್ಟು ಸುಮಾರು 28 ಕೋಟಿ ಟನ್. ಸೀಸ, ಸತು, ಬೆಳ್ಳಿ ಒಂದೇ ಕಡೆ ಇಷ್ಟು ಸಿಗುವುದು ತುಂಬಾ ಅಪರೂಪ. ಆದರೆ ಅದನ್ನ ಬೇರ್ಪಡಿಸಲು ಬರುತ್ತಿರಲಿಲ್ಲ! ಆಗಿನ ವಿಧಾನ ಅಂದರೆ ಪುಡಿ ಮಾಡಿ ನೀರಿನಲ್ಲಿ ಜಾಲಿಸುವುದು. ಭಾರ ಇದ್ದದ್ದು ತಳಕ್ಕೆ, ಹಗುರ ಇದ್ದದ್ದು ಹೊರಕ್ಕೆ. ಸೀಸದ ಗೆಲೀನಾ ನೀರಿನ ಏಳೂವರೆ ಪಟ್ಟು ತೂಕ, ಅದು ತಳದಲ್ಲಿ ನಿಂತಿತು. ಸತುವಿನ ಸ್ಫ್ಯಾಲರೈಟ್ ನಾಲ್ಕು ಪಟ್ಟು. ತೊಂದರೆ ಏನಂದರೆ ಬೇರೆ ಊರಿನ ಅದಿರಿನಲ್ಲಿ ಕಸ ಅಂದರೆ ಹಗುರವಾದ ಬೆಣಚು. ಇಲ್ಲಿ ಕಸವೇ ರೋಡೋನೈಟ್ ಮತ್ತು ಗಾರ್ನೆಟ್, ಅಂದರೆ ಮ್ಯಾಂಗನೀಸ್ ತುಂಬಿದ ಭಾರದ ಕಲ್ಲು. ತೂಕ ಹೆಚ್ಚುಕಡಿಮೆ ಸತುವಿನ ಅದಿರಿನಷ್ಟೇ. ಎಷ್ಟು ಜಾಲಿಸಿದರೂ ಎರಡೂ ಒಟ್ಟಿಗೇ ಹೋಗುತ್ತಿದ್ದವು. ಹಾಗಾಗಿ ಸತು ಪೂರ್ತಿ ತಿಪ್ಪೆಗೆ. ಲಕ್ಷಾಂತರ ಟನ್ ಸತು ಬೆರೆತ ಮರಳು ಊರ ಪಕ್ಕ ಗುಡ್ಡೆ ಬಿತ್ತು.

1902ರ ಸುಮಾರಿಗೆ ಇದಕ್ಕೆ ಉಪಾಯ ಸಿಕ್ಕಿತು. ಮೆಲ್ಬರ್ನ್‌ನ ಚಾರ್ಲ್ಸ್ ಪಾಟರ್ ಮೂಲತಃ ಬಿಯರ್ ತಯಾರಿಸುವವನು. ಗುಳ್ಳೆಗಳ ಸ್ವಭಾವ ಅವನಿಗೆ ಗೊತ್ತಿದ್ದರೆ ಆಶ್ಚರ್ಯ ಇಲ್ಲ. ಬಿಎಚ್‌ಪಿಯ ಮ್ಯಾನೇಜರ್ ಗಿಯೋಮ್ ಡೆಲ್‌ಪ್ರಾಟ್ ಕೂಡ ಅದೇ ಹೊತ್ತಿಗೆ ಅದೇ ದಾರಿ ಹಿಡಿದಿದ್ದ. ಇಬ್ಬರಿಗೂ ಪೇಟೆಂಟ್ ಜಗಳವೂ ಆಯಿತು. ಉಪಾಯ ಇಷ್ಟೇ: ಪುಡಿಯನ್ನ ಬಿಸಿ ಆಮ್ಲದ ನೀರಿಗೆ ಹಾಕಿ. ಅದಿರಿನಲ್ಲೇ ಇರುವ ಕಾರ್ಬೊನೇಟ್ ಬುಸುಗುಟ್ಟಿ ಗುಳ್ಳೆ ಬಿಡುತ್ತೆ. ಸಲ್ಫೈಡ್ ಕಣಗಳು ನೀರಿಗೆ ಒದ್ದೆಯಾಗಲು ಒಪ್ಪಲ್ಲ, ಗುಳ್ಳೆಗೆ ಅಂಟಿಕೊಂಡು ಮೇಲೆ ತೇಲುತ್ತವೆ. ಗಾರ್ನೆಟ್, ರೋಡೋನೈಟ್ ಒದ್ದೆಯಾಗಿ ತಳಕ್ಕೆ ಕೂರುತ್ತವೆ. ತೂಕದ ಲೆಕ್ಕವೇ ಬೇಡ! ಆಮೇಲೆ ಎಣ್ಣೆ ಬೆರೆಸಿ ನೊರೆ ಎಬ್ಬಿಸುವ ವಿಧಾನ ಬಂತು. ಸೀಸವನ್ನ ಮೊದಲು ತೇಲಿಸಿ, ನಂತರ ಮೈಲುತುತ್ತ ಹಾಕಿ ಸತುವನ್ನ ಎಬ್ಬಿಸುವುದನ್ನೂ 1912-13ರ ಹೊತ್ತಿಗೆ ಇಲ್ಲಿಯವರೇ ಕಂಡುಕೊಂಡರು. ಇವತ್ತು ರಾಜಸ್ಥಾನದ ಜಾವರ್, ರಾಂಪುರ ಆಗುಚಾದಲ್ಲಿ ಸತು ತೆಗೆಯುವುದೂ ಇದೇ ಮೂಲತತ್ವದ ಮೇಲೆ. ತಿಪ್ಪೆಯ ಸತು ತೆಗೆಯಲೆಂದೇ 1905ರಲ್ಲಿ ಜಿಂಕ್ ಕಾರ್ಪೊರೇಷನ್ ಅನ್ನುವ ಕಂಪನಿ ಹುಟ್ಟಿತು. ಆಮೇಲೆ ಅಮೆರಿಕದ ಅಧ್ಯಕ್ಷನಾದ ಹರ್ಬರ್ಟ್ ಹೂವರ್ ಅದರ ಆರಂಭದಲ್ಲಿ ಕೈಯಾಡಿಸಿದ್ದ. ಆ ಕಂಪನಿ ಕೈ ಬದಲಾಯಿಸಿ, ಬೆರೆತು, ಕೊನೆಗೆ ರಿಯೋ ಟಿಂಟೋದ ಭಾಗವಾಯಿತು. ಪ್ರಪಂಚದ ಎರಡು ದೊಡ್ಡ ಗಣಿ ಕಂಪನಿಗಳ ಬೇರು ಈ ಒಂದೇ ಊರಿನಲ್ಲಿದೆ.

ಗಟ್ಟಿ ಸಲ್ಫೈಡ್ ಕೊರೆಯುವಾಗ ಎದ್ದ ಧೂಳು ಈ ಸಲ ಶ್ವಾಸಕೋಶ ಹಿಡಿಯಿತು. 1892 ಮತ್ತು 1909ರಲ್ಲಿ ಗಣಿಯಾಳುಗಳಿಗೂ ಕಂಪನಿಗಳಿಗೂ ದೊಡ್ಡ ಜಗಳಗಳಾಗಿದ್ದವು, ಆದರೆ ನಿರ್ಣಾಯಕ ಅಂದರೆ 1919ರ ಮೇ ತಿಂಗಳಲ್ಲಿ ಶುರುವಾದ ಮುಷ್ಕರ. ಹದಿನೆಂಟು ತಿಂಗಳು ಗಣಿ ನಿಂತಿತು. ಜನ ಅರೆಹೊಟ್ಟೆಯಲ್ಲಿ ಕೂತರೂ ಬಗ್ಗಲಿಲ್ಲ. ಕೊನೆಗೆ ನೆಲದಡಿ ಕೆಲಸಕ್ಕೆ ವಾರಕ್ಕೆ 35 ಗಂಟೆ, ಧೂಳಿನ ಕಾಯಿಲೆಗೆ ಪರಿಹಾರ ಸಿಕ್ಕಿತು. ಆ ಕಾಲಕ್ಕೆ ಇದು ಕೇಳರಿಯದ ಮಾತು. ದಿಬ್ಬದ ಮೇಲಿರುವ ಸ್ಮಾರಕದಲ್ಲಿ ಗಣಿಯಲ್ಲಿ ಸತ್ತ 800ಕ್ಕೂ ಹೆಚ್ಚು ಜನರ ಹೆಸರು, ಸತ್ತ ಕಾರಣದ ಸಮೇತ ಇದೆ. ಕಾರಣಗಳನ್ನ ಓದುತ್ತಾ ಹೋದರೆ ಗಣಿಯ ವಿಧಾನ ಹೇಗೆ ಬದಲಾಯಿತು ಅನ್ನುವುದೂ ತಿಳಿಯುತ್ತೆ.

ಮರಗಳ ಕಥೆಯನ್ನ ಯಾರೂ ಪ್ರವಾಸಿಗಳಿಗೆ ಸರಿಯಾಗಿ ಹೇಳಲ್ಲ. ಬೋಳಾದ ನೆಲದಿಂದ ಮರಳು ಹಾರಿ ಬೇಲಿ, ಮನೆ ಮುಚ್ಚುತ್ತಿತ್ತು. ಆಲ್ಬರ್ಟ್ ಮಾರಿಸ್ ಅನ್ನುವವರು ಅದಿರು ಪರೀಕ್ಷೆಯ ಕೆಲಸದಲ್ಲಿದ್ದರು, ಗಿಡಗಳ ಹುಚ್ಚು. ಮೊಲ ಮತ್ತು ದನಕುರಿಗಳನ್ನ ಹೊರಗಿಟ್ಟರೆ ಇಲ್ಲಿನ ಗಿಡ ತಾನಾಗಿ ಚಿಗುರುತ್ತೆ ಅಂತ ಅವರ ವಾದ. 1936ರಲ್ಲಿ ಬೇಲಿ ಹಾಕಿ ನೋಡಿದರು. ಚಿಗುರಿತು. ಊರ ಸುತ್ತ ಕಾಣುವ ಹಸಿರು ಪಟ್ಟಿ ಅದೇ. ಬಿಎಚ್‌ಪಿ ಮಾತ್ರ 1939ರಲ್ಲೇ ಇಲ್ಲಿಂದ ಗಂಟುಮೂಟೆ ಕಟ್ಟಿತು. ಉಳಿದವರು ಅಗೆಯುತ್ತಲೇ ಇದ್ದರು, ಈಗಲೂ ಗಣಿ ನಡೀತಿದೆ. ಕೆಜಿಎಫ್ 2001ರಲ್ಲಿ ಮುಚ್ಚಿತು, ಇದು ಇನ್ನೂ ಉಸಿರಾಡುತ್ತಿದೆ.

ಸಂಗ್ರಾಹಕರ ಪ್ರಶ್ನೆಗೆ ನೇರ ಉತ್ತರ: ಇಲ್ಲಿ ದಾಖಲಾದ ಖನಿಜಗಳು 300ರ ಆಸುಪಾಸು. ಎಲ್ಲಕ್ಕಿಂತ ಜನ ಮುಗಿಬೀಳುವುದು ಆ 'ಕಸ'ದ ಮೇಲೆ, ರೋಡೋನೈಟ್ ಮೇಲೆ. ಬೂದು ಗೆಲೀನಾದೊಳಗೆ ಹುದುಗಿರುವ, ದಾಳಿಂಬೆ ಬಣ್ಣದ, ಬೆಳಕು ಹಾಯುವ ಹರಳುಗಳು. 1990ರ ದಶಕದಲ್ಲಿ ಕಿಂಟೋರ್ ತೆರೆದ ಗಣಿಯಿಂದ ಕಿಂಟೋರೈಟ್, ಸೆಗ್ನಿಟೈಟ್ ತರಹದ ಹೊಸ ಖನಿಜಗಳೂ ಹೊರಬಿದ್ದವು.

ಹೋದಾಗ ಆಲ್ಬರ್ಟ್ ಕರ್ಸ್ಟನ್ ಖನಿಜ ಮ್ಯೂಸಿಯಂಗೆ ಅರ್ಧ ದಿನ ಇಡಿ. ರಾಸ್ಪ್ ಮಾಡಿಸಿದ ಬೆಳ್ಳಿ ಮರ, ಅಂದರೆ ಬೆಳ್ಳಿಯಲ್ಲಿ ಮಾಡಿದ ಮರದ ಕಲಾಕೃತಿ, ಅಲ್ಲೇ ಇದೆ. ಪಕ್ಕದ ಸಿಲ್ವರ್‌ಟನ್‌ಗೂ ಹೋಗಿ. ಬ್ರೋಕನ್ ಹಿಲ್ ಎದ್ದ ಮೇಲೆ ಖಾಲಿಯಾದ ಊರದು. ಕಲ್ಲು ಬೇಕಿದ್ದರೆ ಅಂಗಡಿಯಲ್ಲಿ ಕೊಳ್ಳಿ, ಗಣಿ ಲೀಸಿನ ದಿಬ್ಬ ಹತ್ತಿ ಆರಿಸಬೇಡಿ, ಅದು ಅಪರಾಧ. ಮಕ್ಕಳಿದ್ದರೆ ಊಟಕ್ಕೆ ಮುಂಚೆ ಕೈ ಸರಿಯಾಗಿ ತೊಳೆಸಿ, ಮಣ್ಣಿನಲ್ಲಿ ಸೀಸ ಇದೆ. ಅಡಿಲೇಡ್‌ನಿಂದ ಸುಮಾರು 500 ಕಿಲೋಮೀಟರ್, ಸಿಡ್ನಿಯಿಂದ ಅದರ ಎರಡು ಪಟ್ಟಿಗೂ ಜಾಸ್ತಿ. ಮೊದಲಿಂದಲೂ ಅದಿರು ಹೋಗಿದ್ದು ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಪಿರಿಗೆ. ಹಾಗಾಗಿ ನ್ಯೂ ಸೌತ್ ವೇಲ್ಸ್‌ನಲ್ಲಿದ್ದರೂ ಊರಿನ ಗಡಿಯಾರ ಅಡಿಲೇಡ್‌ನದ್ದೇ. ನೀವು ವಾಚ್ ಮುಟ್ಟುವ ಅಗತ್ಯ ಇಲ್ಲ.