ಆಟದ ಜಗಲಿ: ಬಂಡಿಗೆ ಆಳು ಹತ್ತಬೇಕು

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ ಕೇಳಿವೆ: ಮ್ಯಾಜಿಕ್ ದ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟದ ವೆಹಿಕಲ್ ಕಾರ್ಡುಗಳು, ಅಂದರೆ ಬಂಡಿ ಕಾರ್ಡುಗಳು. ಜಡಿಮಳೆ ಹಿಡಿದರೆ ಮಲೆನಾಡಿನ ಮಕ್ಕಳಿಗೆ ಜಗಲಿಯೇ ಮೈದಾನ ಅಲ್ವಾ? ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲೂ ಭಾನುವಾರ ಮಧ್ಯಾಹ್ನ ನಾನು, ನನ್ನ ತಮ್ಮನ ಮಕ್ಕಳು, ಪಕ್ಕದ ಮನೆ ಹುಡುಗರು ಇದೇ ಆಟಕ್ಕೆ ಕೂರುತ್ತೇವೆ. ಬಂಡಿ ಕಾರ್ಡ್ ಇಳಿದ ದಿನ ಜಗಳ ಗ್ಯಾರಂಟಿ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ ಕೊಟ್ಟಿದ್ದೇನೆ.

ಅಕ್ಕಾ, ನನ್ನ ವೆಹಿಕಲ್ ಕಾರ್ಡಿನ ಮೂಲೆಯಲ್ಲಿ 3/3 ಅಂತ ಬರೆದಿದೆ. ಆದರೂ ಅಣ್ಣ ‘ಅದು ಕ್ರಿಯೇಚರ್ ಅಲ್ಲ, ಅಟ್ಯಾಕ್ ಮಾಡೋಕೆ ಆಗಲ್ಲ’ ಅಂತಾನೆ. ಹಾಗಾದ್ರೆ ಆ ನಂಬರ್ ಯಾಕೆ? — ಒಂಬತ್ತನೇ ತರಗತಿ ಹುಡುಗ, ಹೊಸನಗರ

ಅಣ್ಣ ಹೇಳಿದ್ದು ಸರಿ ಪುಟ್ಟಾ. ಕ್ರಿಯೇಚರ್ ಅಂದರೆ ನಿನ್ನ ಪರ ಅಟ್ಯಾಕ್‌ಗೆ ಹೋಗುವ, ಎದುರಾಳಿಯ ಅಟ್ಯಾಕ್‌ಗೆ ಅಡ್ಡ ನಿಂತು ಬ್ಲಾಕ್ ಮಾಡುವ ಜೀವಿ ಕಾರ್ಡ್. ನಂಬರ್ ಕೂಡ ಸುಮ್ನೆ ಹಾಕಿದ್ದಲ್ಲ.

ನಿಮ್ಮ ಕಡೆ ಶೆಡ್ಡಿನಲ್ಲಿ ಟಿಲ್ಲರ್ ನಿಂತಿರುವುದನ್ನು ನೋಡಿದ್ದೀಯಲ್ಲ. ಅದಕ್ಕೆ ಶಕ್ತಿ ಇದೆ, ಆದರೆ ಹಿಡಿಯುವವರು ಬರುವವರೆಗೆ ಅದು ಬರೀ ಕಬ್ಬಿಣ. ವೆಹಿಕಲ್ ಕಾರ್ಡ್ ಹಾಗೆಯೇ. ಮೇಜಿನ ಮೇಲೆ ಅದು ಆರ್ಟಿಫ್ಯಾಕ್ಟ್, ಅಂದರೆ ಒಂದು ವಸ್ತು ಮಾತ್ರ. ಕಾರ್ಡಿನಲ್ಲಿ ‘ಕ್ರೂ’ ಅಂತ ಒಂದು ಪದ, ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. ನಿನ್ನ ಕ್ರಿಯೇಚರ್‌ಗಳನ್ನು ಅಡ್ಡ ತಿರುಗಿಸಬೇಕು, ಅದೇ ಟ್ಯಾಪ್. ಅವುಗಳ ಪವರ್ ಒಟ್ಟು ಸೇರಿ ಆ ಅಂಕಿ ಮುಟ್ಟಿದರೆ ಸಾಕು, ಆ ಸರದಿ ಮುಗಿಯುವವರೆಗೆ ಬಂಡಿ ಕ್ರಿಯೇಚರ್ ಆಗುತ್ತದೆ. ನಿನ್ನ 3/3 ಆಗ ಲೆಕ್ಕಕ್ಕೆ ಬರುತ್ತದೆ.

ಎಸಿಕಾಸ್ ಚಾರಿಯಟ್ ಅಂತ ಒಂದು ಕಾರ್ಡ್ ಇದೆ. 2021ರ ಕಾಲ್ಡ್‌ಹೈಮ್ ಅನ್ನುವ ಕಾರ್ಡ್ ಸೆಟ್‌ನದ್ದು. 4/4 ರಥ, ಕ್ರೂ 4. ರಥ ಮೇಜಿಗೆ ಬರುವಾಗಲೇ ಎರಡು ಬೆಕ್ಕುಗಳನ್ನು ಕರೆತರುತ್ತದೆ, ಒಂದೊಂದೂ 2/2. ಎರಡನ್ನೂ ಟ್ಯಾಪ್ ಮಾಡಿದರೆ ಎರಡು ಎರಡಲ ನಾಲ್ಕು, ರಥಕ್ಕೆ ಜನ ಸರಿಹೋಯಿತು. ಎಣಿಸುವುದು ಪವರ್ ಮಾತ್ರ, ಅಂದರೆ ಮೊದಲ ಅಂಕಿ. 0/4 ಇರುವ ಗೋಡೆ ಕ್ರಿಯೇಚರನ್ನು ಎಷ್ಟು ಹತ್ತಿಸಿದರೂ ಪ್ರಯೋಜನವಿಲ್ಲ. ಹೆಚ್ಚಾದರೆ ತೊಂದರೆ ಇಲ್ಲ, ಹೆಚ್ಚಾಗಿದ್ದು ವ್ಯರ್ಥ ಅಷ್ಟೇ.

ನಾಟಿ ಹೊತ್ತಿನಲ್ಲಿ ಟಿಲ್ಲರ್ ಹಿಡಿದವನು ಸಸಿ ಕೀಳೋಕೆ ಸಿಗಲ್ಲ. ಬಂಡಿ ಹತ್ತಿದ ಕ್ರಿಯೇಚರ್ ಕೂಡ ಅಟ್ಯಾಕ್‌ಗೂ ಇಲ್ಲ, ಬ್ಲಾಕ್‌ಗೂ ಇಲ್ಲ. ವೆಹಿಕಲ್ ಕಾರ್ಡಿಗೆ ನೀವು ಕೊಡುವ ನಿಜವಾದ ಬೆಲೆ ಇದು. ಮಾನಾ, ಅಂದರೆ ಕಾರ್ಡ್ ಇಳಿಸೋಕೆ ಕೊಡುವ ಶಕ್ತಿ, ಎಷ್ಟು ಖರ್ಚಾಯಿತು ಅನ್ನುವುದಕ್ಕಿಂತ ಇದನ್ನು ಲೆಕ್ಕ ಹಾಕಿ.

ಈ ಸರದಿಯಲ್ಲೇ ಇಳಿಸಿದ ಕ್ರಿಯೇಚರ್ ಬಂಡಿ ಹತ್ತಬಹುದಾ? ಹೊಸದಾಗಿ ಬಂದದ್ದು ಒಂದು ಸುತ್ತು ಕಾಯಬೇಕು ಅಂತ ನಿಯಮ ಇದೆಯಲ್ಲ. — ಪಿಯುಸಿ ವಿದ್ಯಾರ್ಥಿನಿ, ಸಾಗರ

ಹತ್ತಬಹುದು. ಹೊಸಬರಿಗೆ ಇರುವ ತಡೆ ಎರಡೇ: ಅಟ್ಯಾಕ್ ಮಾಡಬಾರದು, ಟ್ಯಾಪ್ ಗುರುತಿರುವ ತಮ್ಮ ಸ್ವಂತ ಶಕ್ತಿಯನ್ನು ಬಳಸಬಾರದು. ಬಂಡಿ ಹತ್ತುವುದು ಆ ಲೆಕ್ಕಕ್ಕೆ ಬರುವುದಿಲ್ಲ. ನಿನ್ನೆಯ ಬಂಡಿ, ಇವತ್ತಿನ ಡ್ರೈವರ್: ಧಾರಾಳವಾಗಿ ಹೊರಡಬಹುದು.

ತಲೆಕೆಳಗಾದರೆ ಆಗಲ್ಲ. ಬಂಡಿಯೇ ಇವತ್ತು ಬಂದಿದ್ದರೆ, ಅದೂ ಕ್ರಿಯೇಚರ್ ಆದಮೇಲೆ ಹೊಸಬನೇ, ಅಟ್ಯಾಕ್ ಇಲ್ಲ. ಆದರೆ ಬ್ಲಾಕ್‌ಗೆ ಆ ತಡೆ ಇಲ್ಲ! ಎದುರಾಳಿಯ ಸರದಿಯಲ್ಲಿ ಬೆಕ್ಕುಗಳನ್ನು ಹತ್ತಿಸಿ ರಥವನ್ನು ಅಡ್ಡ ನಿಲ್ಲಿಸಬಹುದು. ಇದನ್ನು ಮರೆತು ಕೈಕಟ್ಟಿ ಕೂರುವವರೇ ಜಾಸ್ತಿ.

ಯಾವಾಗ ಹತ್ತಿಸಬೇಕು? ಪ್ರತಿ ಸಲ ಇದೇ ಜಗಳ. — ಇಬ್ಬರು ಗೆಳೆಯರು, ಕೊಪ್ಪ

ಮೊದಲ ವರ್ಷ ನಾನೂ ಇದರಲ್ಲೇ ಒಂದು ಆಟ ಕಳೆದುಕೊಂಡೆ. ತಮ್ಮನ ಮಗನಿಗೆ ಮೂರೇ ಜೀವ ಉಳಿದಿತ್ತು. ನನ್ನ ಹತ್ತಿರ ಸ್ಮಗ್ಲರ್ಸ್ ಕಾಪ್ಟರ್ ಇತ್ತು: 3/3, ಹಾರುತ್ತದೆ, ಕ್ರೂ 1. ಅವನ ಕಡೆ ಹಾರುವವರು ಯಾರೂ ಇರಲಿಲ್ಲ. ನಾನು ಎರಡು ಕ್ರಿಯೇಚರ್ ಮುಂದೆ ತಳ್ಳಿ ‘ಅಟ್ಯಾಕ್’ ಅಂದೆ. ಆಮೇಲೆ ಮೂರನೆಯದನ್ನು ಕಾಪ್ಟರಿಗೆ ಹತ್ತಿಸೋಕೆ ಬೆರಳಿಟ್ಟೆ. ಅವನು ಕಾರ್ಡಿನ ಮೇಲೆ ಅಂಗೈ ಇಟ್ಟು, ‘ಅತ್ತೇ, ಬಸ್ ಹೋಯ್ತು’ ಅಂದ. ಅವನದ್ದೇ ಸರಿ. ಯಾರು ಅಟ್ಯಾಕ್‌ಗೆ ಹೊರಟರು ಅಂತ ಹೇಳುವ ಹೊತ್ತಿಗೆ ಬಂಡಿ ಆಗಲೇ ಕ್ರಿಯೇಚರ್ ಆಗಿರಬೇಕು. ಈಗ ನಾನು ‘ಕಾಳಗ ಶುರು ಮಾಡ್ತೀನಿ’ ಅಂತ ಬಾಯಿಬಿಟ್ಟು ಹೇಳಿ, ಅಲ್ಲೇ ಹತ್ತಿಸಿ, ಆಮೇಲೆ ಅಟ್ಯಾಕ್ ಹೇಳುತ್ತೇನೆ. ಅದಕ್ಕಿಂತ ಬೇಗ ಹತ್ತಿಸಿದರೆ ಎದುರಾಳಿಗೆ ನಿಮ್ಮ ಉದ್ದೇಶ ಮೊದಲೇ ತಿಳಿಯುತ್ತದೆ.

ಬ್ಲಾಕ್‌ಗೆ ಇದೇ ತಿರುಗುಮುರುಗು. ಎದುರಾಳಿ ಯಾರನ್ನು ಕಳಿಸಿದ ಅಂತ ನೋಡಿಕೊಂಡು, ಬ್ಲಾಕ್ ಹೇಳುವ ಮೊದಲು ಹತ್ತಿಸಿ. ಆದರೆ ನಿಮ್ಮ ಸರದಿಯಲ್ಲಿ ಅಟ್ಯಾಕ್‌ಗೆ ಹೋಗಿ ಬಂದ ಬಂಡಿ ಸಾಮಾನ್ಯವಾಗಿ ಟ್ಯಾಪ್ ಆಗಿ ಮಲಗಿರುತ್ತದೆ, ಹತ್ತಿದವರೂ ಮಲಗಿರುತ್ತಾರೆ. ನಿಮ್ಮ ಮುಂದಿನ ಸರದಿ ಬರುವವರೆಗೆ ಇಬ್ಬರೂ ಏಳುವುದಿಲ್ಲ. ಒಂದು ಅಟ್ಯಾಕ್‌ಗೆ ಎರಡು ಕಾವಲು ಖಾಲಿ. ಜೀವ ಕಡಿಮೆ ಇದ್ದಾಗ ನಾನಂತೂ ಕಳಿಸುವುದಿಲ್ಲ.

ಇನ್ನೊಂದು ಜಗಳವನ್ನೂ ಇಲ್ಲೇ ಬಗೆಹರಿಸುತ್ತೇನೆ. ನೀವು ಕ್ರಿಯೇಚರ್ ಟ್ಯಾಪ್ ಮಾಡಿ ‘ಹತ್ತಿಸಿದೆ’ ಅಂದ ಮೇಲೆ ಎದುರಾಳಿ ಆ ಕ್ರಿಯೇಚರನ್ನು ಕೊಂದರೂ ಬಂಡಿ ನಿಲ್ಲುವುದಿಲ್ಲ. ಟಿಕೆಟ್ ದುಡ್ಡು ಕೊಟ್ಟಾಗಿದೆ, ಬಂಡಿ ಹೊರಟೇ ಹೊರಡುತ್ತದೆ. ತಡೆಯಬೇಕಾದರೆ ಹತ್ತುವ ಮೊದಲೇ ಕೊಲ್ಲಬೇಕು, ಇಲ್ಲವೇ ಬಂಡಿಯನ್ನೇ ಹೊಡೆಯಬೇಕು.

ಎಲ್ಲ ಕ್ರಿಯೇಚರ್‌ಗಳನ್ನೂ ನಾಶ ಮಾಡುವ ಕಾರ್ಡ್ ಹಾಕಿದೆ. ಗೆಳತಿಯ ಬಂಡಿ ಮಾತ್ರ ಹಾಗೇ ಉಳಿಯಿತು. ಮೋಸ ಅಲ್ವಾ? — ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ

ಮೋಸ ಅಲ್ಲಮ್ಮ, ಬಂಡಿಯ ದೊಡ್ಡ ಗುಣವೇ ಅದು. ನಿನ್ನ ಸರದಿಯಲ್ಲಿ ಅವಳು ಬಂಡಿಗೆ ಯಾರನ್ನೂ ಹತ್ತಿಸಿರಲಿಲ್ಲ. ಯಾರೂ ಹತ್ತದ ಬಂಡಿ ಕ್ರಿಯೇಚರ್ ಅಲ್ಲ, ಹಾಗಾಗಿ ‘ಎಲ್ಲ ಕ್ರಿಯೇಚರ್’ ಅನ್ನುವುದರಲ್ಲಿ ಅದು ಸೇರುವುದಿಲ್ಲ. ನೀನು ಹಾಕಿದಂಥ ಸಾರ್ಸರಿ ಬಗೆಯ ಕಾರ್ಡುಗಳನ್ನು ಸಾಮಾನ್ಯವಾಗಿ ನಿನ್ನ ಸರದಿಯಲ್ಲೇ ಹಾಕಬೇಕು, ಆ ಹೊತ್ತಿಗೆ ಬಂಡಿ ಶೆಡ್ಡಿನಲ್ಲಿರುತ್ತದೆ. ನಿನಗೆ ಬೇಕಾದ್ದು ಇನ್‌ಸ್ಟಂಟ್ ಕಾರ್ಡ್, ಅಂದರೆ ಯಾರ ಸರದಿಯಲ್ಲಾದರೂ ಹಾಕಬಹುದಾದದ್ದು. ಅವಳು ಹತ್ತಿಸಿದ ಕ್ಷಣಕ್ಕೆ ಹಾಕು. ಇಲ್ಲವೇ ಆರ್ಟಿಫ್ಯಾಕ್ಟ್ ಒಡೆಯುವ ಕಾರ್ಡ್ ಇಟ್ಟುಕೋ. ಅದಕ್ಕೆ ಬಂಡಿ ನಿಂತಿದ್ದರೂ ಒಂದೇ, ಓಡುತ್ತಿದ್ದರೂ ಒಂದೇ.

ಮೇಡಂ, ಈ ವೆಹಿಕಲ್ ಕಾರ್ಡುಗಳಿಗೂ ನಮ್ಮ ದೇಶಕ್ಕೂ ಸಂಬಂಧ ಇದೆ ಅಂತ ಮಗಳು ಹೇಳುತ್ತಾಳೆ. ಹೌದೇ? — ತಂದೆಯೊಬ್ಬರು, ಭದ್ರಾವತಿ

ಹೌದು ಸರ್. ವೆಹಿಕಲ್ ಬಗೆಯ ಕಾರ್ಡುಗಳು ಮೊದಲು ಬಂದದ್ದು 2016ರ ಕಲಾದೇಶ್ ಸೆಟ್‌ನಲ್ಲಿ. ಆ ಕಲ್ಪಿತ ಲೋಕವನ್ನು ಕಟ್ಟಿದ್ದೇ ಭಾರತದಿಂದ ಸ್ಫೂರ್ತಿ ಪಡೆದು. ನಾನು ಮೇಲೆ ಹೇಳಿದ ಕಾಪ್ಟರ್ ಅದೇ ಸೆಟ್‌ನದ್ದು. ಎಷ್ಟು ಬಲವಾಗಿತ್ತು ಅಂದರೆ 2017ರ ಜನವರಿಯಲ್ಲಿ ಸ್ಟ್ಯಾಂಡರ್ಡ್ ಪಂದ್ಯಗಳಲ್ಲಿ (ಇತ್ತೀಚಿನ ಸೆಟ್‌ಗಳ ಕಾರ್ಡ್ ಮಾತ್ರ ಬಳಸುವ ಬಗೆ) ಅದನ್ನು ನಿಷೇಧಿಸಿದರು. ಎರಡೇ ಮಾನಾ, ಪವರ್ 1 ಇರುವ ಯಾರೊಬ್ಬರು ಹತ್ತಿದರೂ ಸಾಕು, ಅಟ್ಯಾಕ್ ಅಥವಾ ಬ್ಲಾಕ್ ಮಾಡಿದಾಗಲೆಲ್ಲ ಒಂದು ಎಲೆ ಎಳೆದು ಒಂದು ಎಲೆ ಬಿಡುವ ಅವಕಾಶ. 2025ರ ಈಥರ್‌ಡ್ರಿಫ್ಟ್ ಸೆಟ್ ಪೂರ್ತಿ ಬಂಡಿ ರೇಸಿನದ್ದು. ಅದರಲ್ಲಿ ಕಲಾದೇಶ್ ಲೋಕಕ್ಕೆ ‘ಅವಿಷ್ಕಾರ್’ ಅಂತ ಹೊಸ ಹೆಸರು ಬಂತು. ಮಗಳ ಹತ್ತಿರ ಕೇಳಿ, ಆ ಚಿತ್ರಗಳನ್ನು ತೋರಿಸುತ್ತಾಳೆ. ನೋಡಲೇಬೇಕಾದವು.

ಅರವತ್ತು ಕಾರ್ಡಿನ ಡೆಕ್‌ನಲ್ಲಿ ಎಷ್ಟು ಬಂಡಿ ಇಡಬೇಕು? ನಾನು ಹತ್ತು ಇಟ್ಟಿದ್ದೇನೆ, ಸೋಲುತ್ತಲೇ ಇದ್ದೇನೆ. — ಹತ್ತನೇ ತರಗತಿ ಹುಡುಗ, ಸೊರಬ

ಹತ್ತು ಜಾಸ್ತಿ ಆಯಿತು ಕಣೋ. ಬಂಡಿಗಳು ನೋಡೋಕೆ ಚಂದ, ಆಸೆಯಾಗುತ್ತದೆ, ಗೊತ್ತು. ಆದರೆ ಕೈಗೆ ಮೂರು ಬಂಡಿ ಬಂದು ಒಂದು ಕ್ರಿಯೇಚರ್ ಇಲ್ಲದಿದ್ದರೆ ಮೂರೂ ತುಕ್ಕು ಹಿಡಿಯುತ್ತವೆ. ನಾನು ನಾಲ್ಕಕ್ಕಿಂತ ಹೆಚ್ಚು ಇಡುವುದಿಲ್ಲ. ಅದರಲ್ಲೂ ಕ್ರೂ ಅಂಕಿ 3 ದಾಟಿದ್ದು ಒಂದೋ ಎರಡೋ. ತೆಗೆದ ಬಂಡಿಗಳ ಜಾಗಕ್ಕೆ ಒಂದು, ಎರಡು ಮಾನಾದ ಸಣ್ಣ ಕ್ರಿಯೇಚರ್‌ಗಳನ್ನು ಹಾಕು. ಒಂಟಿಯಾಗಿ ಅವು ದುರ್ಬಲ, ಆದರೆ ಬಂಡಿ ಓಡಿಸೋಕೆ ಅವೇ ಬೇಕು.

ಹಾಕಿದ ಮೇಲೆ ಒಂದು ಕೆಲಸ ಮಾಡು. ಡೆಕ್ ಚೆನ್ನಾಗಿ ಕಲಸಿ ಮೇಲಿನ ಏಳು ಎಲೆ ತೆಗೆದು ನೋಡು. ಬಂಡಿ ಇದ್ದು ಹತ್ತುವವರಿಲ್ಲದಿದ್ದರೆ ಒಂದು ಗೀಟು ಹಾಕು. ಹೀಗೆ ಇಪ್ಪತ್ತು ಸಲ. ಎಷ್ಟು ಗೀಟು ಬಿತ್ತು ಅಂತ ಬರೆದು ಕಳಿಸು, ಮುಂದಿನ ತಿಂಗಳು ನಿನ್ನ ಡೆಕ್ಕನ್ನೇ ಇಲ್ಲಿ ಬಿಚ್ಚಿ ನೋಡೋಣ.