ಪುಣೆಯಲ್ಲಿ ಮತ್ತೆ ಚಿಕುನ್‌ಗುನ್ಯಾ ಅಂತಿದ್ದಾರೆ. ವಯಸ್ಸಾದ ಅಪ್ಪ ಅಮ್ಮ ಇರುವ ಮನೆಗೆ ಫಾಗಿಂಗ್ ಮಾಡಿಸಲಾ, ರಾತ್ರಿ ಸೊಳ್ಳೆಬತ್ತಿ ಸಾಕಾ?

ನಾವು ಎರಡನ್ನೂ ಮಾಡಿದ್ದೆವು. ಆದರೂ 2024ರ ಮಳೆಗಾಲದಲ್ಲಿ ನಮ್ಮ ಅತ್ತೆ ಹಾಸಿಗೆ ಹಿಡಿದರು. ನಾವು ವಿಜಯಪುರ ಕಡೆಯವರು, ಪುಣೆಯ ಕಾತ್ರಜ್ ಹತ್ತಿರ ಬಾಡಿಗೆ ಮನೆ. ಜ್ವರ ಬೇಗ ಇಳಿಯಿತು, ಕೀಲುನೋವು ಹೋಗಲಿಲ್ಲ. ದಿನಾ ರೊಟ್ಟಿ ಬಡಿಯುತ್ತಿದ್ದವರಿಗೆ ಬೆಳಗ್ಗೆ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಆ ಸಲ ಸಂಕ್ರಾಂತಿಯ ಸಜ್ಜೆ ರೊಟ್ಟಿ ನಾನೇ ಬಡಿದೆ.

ನಾನು ಎಡವಿದ್ದು ಬಚ್ಚಲಿನ ಡ್ರಮ್ಮಿನಲ್ಲಿ. ನೀರು ದಿನಾ ಬರಲ್ಲ ಅಂತ ತುಂಬಿಡುತ್ತಿದ್ದೆ. ಹುಳ ಕಂಡರೆ ನೀರು ಚೆಲ್ಲಿ ಮತ್ತೆ ತುಂಬುತ್ತಿದ್ದೆ. ಒಳಗೋಡೆ ಮಾತ್ರ ತಿಕ್ಕುತ್ತಿರಲಿಲ್ಲ. ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿಗಿಂತ ಸ್ವಲ್ಪ ಮೇಲೆ, ಗೋಡೆಗೆ ಅಂಟಿಸಿ. ಡ್ರಮ್ ಒಣಗಿದರೂ ಅವು ತಿಂಗಳುಗಟ್ಟಲೆ ಸಾಯುವುದಿಲ್ಲ. ನೀರು ತಾಗಿದರೆ ಒಡೆಯುತ್ತವೆ, ವಾರ ಹತ್ತು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತವೆ. ಅಂದರೆ ಹುಳ ಹೊರಗೆ ಹೋಗುತ್ತಿತ್ತು, ಮೊಟ್ಟೆ ಅಲ್ಲೇ ಉಳಿಯುತ್ತಿತ್ತು, ಮತ್ತೆ ನೀರು ತುಂಬಿ ಅವನ್ನು ಮರಿ ಮಾಡುತ್ತಿದ್ದವಳು ನಾನೇ. ಬೇಸಿಗೆಯಲ್ಲಿ ಒಣಗಿಸಿಟ್ಟ ಬಕೆಟ್ಟಿನದೂ ಇದೇ ಕಥೆ.

ಹಾಗಾಗಿ ಫಾಗಿಂಗೋ ಬತ್ತಿಯೋ ಅನ್ನೋ ಲೆಕ್ಕಾಚಾರವೇ ಬೇಡ. ಫಾಗಿಂಗ್ ಹೊಗೆಗೆ ಹಾರುವ ಸೊಳ್ಳೆಯಷ್ಟೇ ಸಾಯುತ್ತದೆ. ಇದು ಕಚ್ಚುವುದೂ ಹೆಚ್ಚಾಗಿ ಹಗಲಲ್ಲಿ, ರಾತ್ರಿ ಬತ್ತಿ ಹಚ್ಚಿ ಏನು ಬಂತು? ವಾರಕ್ಕೊಮ್ಮೆ ಡ್ರಮ್ಮು, ಕೂಲರ್, ಕುಂಡದ ತಟ್ಟೆ ಎಲ್ಲವನ್ನೂ ಬ್ರಷ್ ಹಾಕಿ ಗಟ್ಟಿಯಾಗಿ ತಿಕ್ಕಿ, ಡ್ರಮ್ಮಿಗೆ ಬಿಗಿ ಮುಚ್ಚಳ ಹಾಕಿ. ಅಪ್ಪ ಅಮ್ಮ ಮಧ್ಯಾಹ್ನ ಮಲಗಿದಾಗಲೂ ಪರದೆ ಕಟ್ಟಿ.

ಹೋದ ರೋಗ ಮತ್ತೆ ಬರಲ್ಲ ಅಂತ ಮಾತ್ರ ಕೂರಬೇಡಿ. 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಹರಡಿದ ಮೇಲೆ ಇದು ದೇಶದಲ್ಲಿ ಸುಮಾರು 32 ವರ್ಷ ಸುಮ್ಮನಿತ್ತು. 2005ರ ಕೊನೆಗೆ ಮರಳಿತು. 2006ರಲ್ಲಿ ನಮ್ಮ ಕರ್ನಾಟಕದಲ್ಲೇ ಏಳು ಲಕ್ಷಕ್ಕೂ ಜಾಸ್ತಿ ಶಂಕಿತ ಪ್ರಕರಣ. ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಆದರೆ ಆ ನಡುವೆ ಹುಟ್ಟಿದವರ ಮೈಯಲ್ಲಿ ಅದನ್ನು ತಡೆಯುವ ಶಕ್ತಿಯೇ ಇರಲಿಲ್ಲ ಅಲ್ವಾ? ವೈರಸ್ಸೂ ಹಳೆಯ ಬಗೆಯದಲ್ಲ, ಆಫ್ರಿಕಾ ಮೂಲದ ಬೇರೆ ಬಗೆ.

ಜ್ವರ ಬಂದರೆ ನೋವಿನ ಮಾತ್ರೆ ನೀವೇ ತಂದು ಕೊಡಬೇಡಿ. ಡೆಂಗಿಯನ್ನೂ ತರುವುದು ಇದೇ ಸೊಳ್ಳೆ, ಆಗ ಐಬುಪ್ರೊಫೇನ್, ಆಸ್ಪಿರಿನ್‌ನಿಂದ ರಕ್ತಸ್ರಾವ ಆಗುವ ಭಯ ಇದೆ. ಡೆಂಗಿ ಅಲ್ಲ ಅಂತ ಡಾಕ್ಟರು ಹೇಳುವವರೆಗೆ ಪ್ಯಾರಾಸಿಟಮಾಲ್ ಮಾತ್ರ. ಅಪ್ಪ ಹೃದಯಕ್ಕೆ ಅಂತ ದಿನಾ ಆಸ್ಪಿರಿನ್ ತಗೊಳ್ತಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ.